ಎತ್ತಿನ ತೂಕವೂ ಊರಿನ ನೀರೂ

ಕೃತಕ ಬುದ್ಧಿಮತ್ತೆಯು ಪ್ರಜಾಪ್ರಭುತ್ವವನ್ನು ನುಂಗಿಬಿಡುತ್ತದೆಂಬ ಭೀತಿಯೂ ಅದನ್ನು ಉದ್ಧರಿಸುತ್ತದೆಂಬ ಭರವಸೆಯೂ ಈಗ ಒಂದೇ ಉಸಿರಿನಲ್ಲಿ ಕೇಳಿಬರುತ್ತಿವೆ. ಭೀತಿಯ ಮಾತು ಹಾಗಿರಲಿ. ಹೆಚ್ಚು ಅಪಾಯಕಾರಿಯಾದುದು ಭರವಸೆಯೇ. ಲಕ್ಷಾಂತರ ಜನರ ಅಹವಾಲುಗಳನ್ನು ಯಂತ್ರವೇ ಓದಿ, ವಿಂಗಡಿಸಿ, ಸಾರಾಂಶ ತೆಗೆದು ಆಳುವವರ ಮುಂದಿಡುವುದಾದರೆ ಸಭೆ, ಸಮಿತಿ, ಚುನಾವಣೆಗಳ ಗದ್ದಲವಾದರೂ ಏತಕ್ಕೆ ಎಂಬ ಪ್ರಶ್ನೆ ಅದರ ಹೊಟ್ಟೆಯಲ್ಲಿ ಅಡಗಿದೆ. ಬದಲಾಪುರದಲ್ಲಿ ಬಾಳುವ ನಮಗೆ ಈ ಪ್ರಶ್ನೆ ಹೊಸದಲ್ಲ. ಯಂತ್ರ ಬರುವ ಮೊದಲೇ ಇಲ್ಲಿ ಅದರ ಉತ್ತರ ಜಾರಿಗೆ ಬಂದಿತ್ತು.

ಕುಳಗಾಂವ್-ಬದಲಾಪುರ ನಗರಪರಿಷತ್ತಿಗೆ 2015ರಲ್ಲಿ ಚುನಾವಣೆ ನಡೆದ ಮೇಲೆ ಮುಂದಿನದು ನಡೆದದ್ದು 2025ರ ಡಿಸೆಂಬರಿನಲ್ಲಿ. ಕಲ್ಯಾಣ-ಡೊಂಬಿವಲಿ ಮತ್ತು ನವಿ ಮುಂಬಯಿ ಮಹಾನಗರಪಾಲಿಕೆಗಳ ಮತದಾರರು 2015ರ ನಂತರ ಮತಗಟ್ಟೆಗೆ ಹೋದದ್ದು 2026ರ ಜನವರಿಯಲ್ಲಿ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗತಕ್ಕದ್ದೆಂದು ಸಂವಿಧಾನದ 74ನೆಯ ತಿದ್ದುಪಡಿ ಹೇಳುತ್ತದೆ. ಕೊರೋನಾ, ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯ, ವಾರ್ಡುಗಳ ಪುನರ್ವಿಂಗಡಣೆ — ಕಾರಣಗಳಿಗೇನೂ ಬರವಿರಲಿಲ್ಲ. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಕಟ್ಟಪ್ಪಣೆ ಮಾಡಬೇಕಾಯಿತು. ತವರಿನ ಕಡೆ ನೋಡಿ ಸಮಾಧಾನ ಪಡುವಂತೆಯೂ ಇಲ್ಲ: 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಬೆಂಗಳೂರು ಪಾಲಿಕೆಯನ್ನು ಐದಾಗಿ ಒಡೆದರೇ ಹೊರತು 2025 ಕಳೆದರೂ ಚುನಾವಣೆ ನಡೆಸಲಿಲ್ಲ. ಈ ಎಲ್ಲ ವರ್ಷಗಳಲ್ಲಿ ತೆರಿಗೆಯೇನೂ ನಿಲ್ಲಲಿಲ್ಲ. ನಿಂತದ್ದು ಎದ್ದು ನಿಂತು ಕೇಳುವ ಜಾಗ ಒಂದೇ. ಅದು ನಿಂತದ್ದು ಬಹುಮಂದಿಗೆ ಗೊತ್ತೇ ಆಗಲಿಲ್ಲವೆಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ.

ಯಂತ್ರದ ವಕೀಲರು ಸಾಮೂಹಿಕ ವಿವೇಕದ ಹೆಸರು ಹೇಳುತ್ತಾರೆ. ಅವರಿಗೆ ಪ್ರಿಯವಾದ ಕಥೆ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್‌ನದು. ಪ್ಲಿಮತ್ ಊರಿನ ದನಗಳ ಜಾತ್ರೆಯಲ್ಲಿ ಒಂದು ಎತ್ತಿನ ಮಾಂಸದ ತೂಕ ಊಹಿಸುವ ಪಂದ್ಯ ನಡೆದಿತ್ತು. 787 ಚೀಟಿಗಳನ್ನು ಪರೀಕ್ಷಿಸಿ ಆತ 1907ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಜನರ ನಡುಮಟ್ಟದ ಊಹೆ 1207 ಪೌಂಡು. ನಿಜವಾದ ತೂಕ 1198. ಬೆರಗಿನ ಸಂಗತಿಯೇ ಸರಿ. ಆದರೆ ಎತ್ತಿಗೆ ತೂಕವೊಂದಿತ್ತು, ತಕ್ಕಡಿಯೂ ಇತ್ತು. ನೀರು ಮೊದಲು ಯಾವ ಓಣಿಗೆ ಹರಿಯಬೇಕು ಎಂಬುದನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಬಾರ್ವಿ ಅಣೆಕಟ್ಟು ನಮ್ಮ ಊರಿನ ಮಗ್ಗುಲಲ್ಲೇ ಇದೆ. ಅದು ಔದ್ಯೋಗಿಕ ಅಭಿವೃದ್ಧಿ ನಿಗಮದ್ದು. ಕಾರ್ಖಾನೆಗಳಿಗೂ ದೂರದ ನಗರಗಳಿಗೂ ನೀರುಣಿಸುತ್ತದೆ. ಅದರಲ್ಲಿ ಜಮೀನು ಮುಳುಗಿದವನು, ಕಾರ್ಮಿಕ, ನಿನ್ನೆ ಕಟ್ಟಿದ ಗೋಪುರದ ನಿವಾಸಿ — ಈ ಮೂವರ ಬೇಡಿಕೆಗಳನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ನ್ಯಾಯ ಹುಟ್ಟುವುದಿಲ್ಲ. ಒಬ್ಬನು ಇನ್ನೊಬ್ಬನ ಮಾತು ಕೇಳಿ ತನ್ನ ಬೇಡಿಕೆಯನ್ನು ತಿದ್ದಿಕೊಂಡಾಗ ಹುಟ್ಟಬಹುದು.

2019ರ ಜುಲೈ 27ರಂದು ಉಲ್ಹಾಸ ನದಿ ಉಕ್ಕಿ, ಬದಲಾಪುರ-ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಾವಿರಕ್ಕೂ ಮಿಕ್ಕಿದ ಪ್ರಯಾಣಿಕರೊಡನೆ ನೀರಿನಲ್ಲಿ ನಿಂತಿತು. ವಿಪತ್ತು ದಳ, ನೌಕಾಪಡೆ, ಸುತ್ತಣ ಜನ ಸೇರಿ ಎಲ್ಲರನ್ನೂ ಉಳಿಸಿದರು. ನೀರು ಎಲ್ಲಿಯವರೆಗೆ ಏರುತ್ತದೆ ಎಂಬ ತಿಳಿವು ದಂಡೆಯವರ ನೆನಪಿನಲ್ಲಿದೆ. ಯಾರೂ ಬರೆದಿಡದ ಇಂಥ ತಿಳಿವು ಯಂತ್ರಕ್ಕೆ ದಕ್ಕುವುದು ಹೇಗೆ? ಅದು ಉಣ್ಣುವುದು ಈಗಾಗಲೇ ಬರೆದದ್ದನ್ನು.

ಹೊರನಾಡಿನಲ್ಲಿರುವ ನಾವು ಇದನ್ನು ಇತರರಿಗಿಂತ ಚೆನ್ನಾಗಿ ಬಲ್ಲವರಾಗಬೇಕು. ಸಾರಾಂಶವೆಂಬುದು ಬಹುಸಂಖ್ಯಾತರ ಮಿತ್ರ. ನೂರು ಅರ್ಜಿಗಳಲ್ಲಿ ಕನ್ನಡ ಶಾಲೆಯ ಕುರಿತಾದವು ಮೂರಿದ್ದರೆ, ಸಾರಾಂಶದಲ್ಲಿ ಅವು 'ಇತರೆ' ಆಗುತ್ತವೆ. ಸಭೆಯಲ್ಲಾದರೆ ಒಬ್ಬಳು ಎದ್ದು ನಿಂತು 'ಇಲ್ಲ' ಎನ್ನಬಹುದು. ನಡಾವಳಿಯಲ್ಲಿ ಅದು ದಾಖಲಾಗುತ್ತದೆ. ಮುಂದಿನ ಸಭೆಯಲ್ಲಿ ಉತ್ತರ ಕೊಡಬೇಕಾಗುತ್ತದೆ. ಅನುಭವ ಮಂಟಪವೇ ಜಗತ್ತಿನ ಮೊದಲ ಸಂಸತ್ತೆಂದು ಸಾರಿ ಚಪ್ಪಾಳೆ ಗಿಟ್ಟಿಸುವುದು ನಮ್ಮ ರಾಜ್ಯೋತ್ಸವಗಳ ಸುಲಭದ ಚಟ. ಶೂನ್ಯಸಂಪಾದನೆಯಲ್ಲಿ ಅಲ್ಲಮನು ಅಕ್ಕನನ್ನು ಎದುರಾಎದುರಾಗಿ ಪ್ರಶ್ನಿಸಿದ, ಅವಳು ಸೋಲದೆ ಉತ್ತರಿಸಿದ ಪ್ರಸಂಗವನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಅಲ್ಲಿ ಸರಾಸರಿ ತೆಗೆಯಲು ಯಾರೂ ಕುಳಿತಿರಲಿಲ್ಲ.

ಯಂತ್ರವನ್ನು ಮನೆಯಿಂದಾಚೆ ಎಸೆಯಿರೆಂದು ನಾನು ಹೇಳುತ್ತಿಲ್ಲ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ 'ಭಾಷಿಣಿ'ಯಂಥ ಅನುವಾದ ವ್ಯವಸ್ಥೆಯಿಂದ ಮರಾಠಿ ಪ್ರಕಟಣೆಯೊಂದು ನಮ್ಮ ವೃದ್ಧರಿಗೆ ಕನ್ನಡದಲ್ಲಿ ದಕ್ಕುವುದಾದರೆ ಅದು ಸಭೆಗೆ ಬರುವ ದಾರಿಯನ್ನು ಸುಗಮಗೊಳಿಸುತ್ತದೆ. ಸಭೆಗೆ ಕರೆತರುವ ಯಂತ್ರ ಬೇರೆ, ಸಭೆಯನ್ನೇ ಮುಚ್ಚಿಸುವ ಯಂತ್ರ ಬೇರೆ. ಈಗ ಆಯ್ಕೆಯಾಗಿ ಬಂದಿರುವ ನಗರಸೇವಕರನ್ನು ನಮ್ಮ ಸಂಘಗಳು ಕೇಳಬೇಕಾದದ್ದು ಇಷ್ಟು: ನಾಗರಿಕರ ಆಕ್ಷೇಪಣೆಗಳನ್ನು ಯಂತ್ರ ಸಂಕ್ಷೇಪಿಸಿದ್ದಾದರೆ ಮೂಲ ಆಕ್ಷೇಪಣೆಗಳನ್ನೂ ಬರೆದವರ ಭಾಷೆಯಲ್ಲೇ ಇಡಿಯಾಗಿ ಸಭೆಯ ಮುಂದಿಡಿ, ಮುಂಗಡಪತ್ರಕ್ಕೆ ಮೊದಲು ಪ್ರತಿ ವಾರ್ಡಿನಲ್ಲೂ ಒಂದು ಬಹಿರಂಗ ಸಭೆ ಕರೆಯಿರಿ, ಆ ಸಭೆಗೆ ನೀವೇ ಬನ್ನಿ.