ತಿಂಗಳ ಸಂಬಳವೂ ವರುಷದ ಖರ್ಚೂ

ಮಿತವ್ಯಯವನ್ನು ಕುರಿತು ಇಲ್ಲದವರಿಗೆ ಉಪದೇಶ ಮಾಡುವುದು ಉಳ್ಳವರಿಗೆ ಬಹು ಪ್ರಿಯವಾದ ಕಾಲಕ್ಷೇಪ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವೂ ಬಾಲ್ಯದಿಂದ ಕೇಳಿದ್ದೇವೆ. ಹೋಟೆಲಿನ ಗಲ್ಲೆಯ ಮೇಲೆ ಕುಳಿತಿದ್ದ ಕಾಲದಲ್ಲಿ ಮುಂಗಡ ಕೇಳಲು ಬಂದ ಹುಡುಗರಿಗೆ ಹೇಳಿಯೂ ಇದ್ದೇವೆ. ಹಾಸಿಗೆಯೇ ಗೇಣುದ್ದ ಗಿಡ್ಡವಾಗಿದ್ದರೆ ಕಾಲನ್ನು ಎಲ್ಲಿಡಬೇಕೆಂದು ಅವರಲ್ಲೊಬ್ಬನೂ ನಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ನಮ್ಮ ಬಳಿ ಉತ್ತರವಿರಲಿಲ್ಲ.

ಸೊಲ್ಲಾಪುರ ರಸ್ತೆಯ ಈ ಹಡಪಸರದಲ್ಲಿ ‘ಸರಾಸರಿ ಸಂಬಳ’ವೆಂಬುದು ಒಂದು ವಿಚಿತ್ರ ಪದಾರ್ಥ. ಮಗರಪಟ್ಟಾದ ಗೋಪುರಗಳಲ್ಲಿ ಗಣಕಯಂತ್ರದ ಮುಂದೆ ಕುಳಿತವನ ಸಂಬಳವನ್ನೂ, ಅದೇ ಗೋಪುರದ ಬಾಗಿಲಲ್ಲಿ ಹನ್ನೆರಡು ಗಂಟೆ ನಿಂತು ಕಾಯುವ ಕಲಬುರಗಿಯವನ ಸಂಬಳವನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಮೊತ್ತವು ಇಬ್ಬರ ಮನೆಗೂ ಸೇರಿದ್ದಲ್ಲ. ಆದಕಾರಣ ಸರಾಸರಿಯನ್ನು ಖರ್ಚಿನ ಕಡೆಯಿಂದ ನೋಡುವುದು ಲೇಸು. ಕೇಂದ್ರ ಸರಕಾರವು 2023ರ ಆಗಸ್ಟಿನಿಂದ 2024ರ ಜುಲೈವರೆಗೆ ನಡೆಸಿದ ಗೃಹಬಳಕೆಯ ಖರ್ಚಿನ ಸಮೀಕ್ಷೆಯಲ್ಲಿ ದೇಶದ ನಗರವಾಸಿಯೊಬ್ಬನ ತಿಂಗಳ ವೆಚ್ಚ ಸರಾಸರಿ 6,996 ರೂಪಾಯಿ ಎಂದು ಕಂಡುಬಂದಿತು. ನಾಲ್ವರ ಸಂಸಾರಕ್ಕೆ 27,984 ರೂಪಾಯಿ, ಇಪ್ಪತ್ತೆಂಟು ಸಾವಿರವೆನ್ನೋಣ.

ಕೈಗೆ ಇಷ್ಟೇ ಸಂಬಳ ಬರುವ, ಇಲ್ಲಿಯ ಕಾರಖಾನೆಯೊಂದರ ನೌಕರನನ್ನು ಕಲ್ಪಿಸಿಕೊಳ್ಳೋಣ. ಹೆಂಡತಿ, ಶಾಲೆಗೆ ಹೋಗುವ ಎರಡು ಮಕ್ಕಳು. ಬಾಡಿಗೆ 9,000. ಕಿರಾಣಿ, ಎಣ್ಣೆ, ಹಾಲು, ಗ್ಯಾಸ್ ಸೇರಿ 8,000. ತರಕಾರಿ 1,500. ಮಕ್ಕಳ ಶಾಲೆ, ಟ್ಯೂಶನ್ 3,500. ಲೈಟ್ ಬಿಲ್ಲು ಮತ್ತು ಮೊಬೈಲು 1,300. ಪೆಟ್ರೋಲು, ಬಸ್ಸು 2,000. ಊರಿನ ತಾಯಿತಂದೆಗಳಿಗೆ 3,000. ಕೂಡಿಸಿದರೆ 28,300. ಸೇಂದಿಯಿಲ್ಲ, ಸಿನಿಮಾ ಇಲ್ಲ, ಡಾಕ್ಟರ ಮುಖವನ್ನು ಇನ್ನೂ ಕಂಡಿಲ್ಲ. ಆಗಲೇ 300 ರೂಪಾಯಿ ಕಡಿಮೆ ಬಿದ್ದಿತು. ಈ ಮನುಷ್ಯನನ್ನು ದುಂದುಗಾರನೆನ್ನುವ ಧೈರ್ಯ ನಮಗಿಲ್ಲ.

ಅರ್ಥಶಾಸ್ತ್ರಜ್ಞರಲ್ಲಿ ಒಂದು ಹಳೆಯ ನಿಯಮವಿದೆ. ಜರ್ಮನಿಯ ಅರ್ನ್‌ಸ್ಟ್ ಎಂಗೆಲ್ ಎಂಬಾತ 1857ರಲ್ಲಿ ಅದನ್ನು ಹೇಳಿದ: ಆದಾಯ ಹೆಚ್ಚಿದಂತೆ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ಕಡಿಮೆಯಾಗುತ್ತದೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ನಗರಗಳಲ್ಲಿ ಆಹಾರದ ಪಾಲು ನೂರಕ್ಕೆ ಸುಮಾರು 40. ನಮ್ಮ ನೌಕರನ ಮನೆಯಲ್ಲಿ ಅದು ಮೂರರಲ್ಲೊಂದು ಪಾಲು. ಹಾಗಾದರೆ ಆತ ಸರಾಸರಿಗಿಂತ ಸುಖಿಯೆ? ಅಲ್ಲ. ಮನೆಯ ಮಾಲಿಕ ಕಾಯುವುದಿಲ್ಲ, ಶಾಲೆ ಕಾಯುವುದಿಲ್ಲ, ಬ್ಯಾಂಕಿನ ಕಂತು ಕಾಯುವುದಿಲ್ಲ, ಕಾಯುವುದು ಹೊಟ್ಟೆಯೊಂದೇ. ಅರ್ಧ ಲೀಟರು ಹಾಲು ಕಾಲು ಲೀಟರಾಗುತ್ತದೆ, ಬೇಳೆ ತೆಳ್ಳಗಾಗುತ್ತದೆ. ಗಂಡನಿಗೂ ಮಕ್ಕಳಿಗೂ ಬಡಿಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದಷ್ಟಕ್ಕೆ ತೃಪ್ತಳಾಗುವವಳು ಯಾರೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಲೆಕ್ಕದಲ್ಲಿ ಇದನ್ನು ಉಳಿತಾಯವೆನ್ನುತ್ತಾರೆ.

ಆದರೆ ಸಂಸಾರಗಳು ಮುಗ್ಗರಿಸುವುದು ಈ 300 ರೂಪಾಯಿಯಿಂದಲ್ಲ. ನಮ್ಮವರ ಮನೆಗಳಲ್ಲಿ ಲೆಕ್ಕವೆಂದರೆ ತಿಂಗಳ ಲೆಕ್ಕ, ಖರ್ಚೋ, ವರುಷದ್ದು. ಜೂನ್ ತಿಂಗಳಲ್ಲಿ ಪುಸ್ತಕ, ಸಮವಸ್ತ್ರ, ಪ್ರವೇಶದ ಹಣವೆಂದು 15,000. ಊರ ಜಾತ್ರೆಗೆ ಅಥವಾ ದೀಪಾವಳಿಗೆ ನಾಲ್ವರೂ ಹೋಗಿಬರಲು 12,000. ಬಟ್ಟೆಬರೆ 6,000. ಮದುವೆ ಮುಂಜಿಗಳ ಮುಯ್ಯಿ 5,000. ಗಾಡಿಯ ವಿಮೆ, ದುರಸ್ತಿ 4,000. ಒಟ್ಟು 42,000, ತಿಂಗಳಿಗೆ ಹಂಚಿದರೆ 3,500. ಜಾತ್ರೆ ವರುಷ ವರುಷವೂ ಅದೇ ಮಾಸದಲ್ಲಿ ಬರುತ್ತದೆ, ಶಾಲೆ ಅದೇ ಜೂನಿನಲ್ಲಿ ತೆರೆಯುತ್ತದೆ. ಆದರೂ ಪ್ರತಿ ಸಲ ‘ಅಕಸ್ಮಾತ್ತಾಗಿ ಖರ್ಚು ಬಂತು’ ಎಂದು ನಾವು ಹೇಳಿಕೊಳ್ಳುವುದು ಆಶ್ಚರ್ಯ! ನಿಜವಾದ ಕೊರತೆ ತಿಂಗಳಿಗೆ 3,800 ರೂಪಾಯಿ, ವರುಷಕ್ಕೆ 45,600.

ಈ ಕಂದಕವನ್ನು ತುಂಬುವುದು ಕಿರಾಣಿ ಅಂಗಡಿಯ ಉದರಿ, ಭಿಶಿಯಲ್ಲಿ ಮೊದಲೇ ಎತ್ತಿದ ಹಣ, ಸ್ನೇಹಿತರ ಕೈಗಡ, ಇತ್ತೀಚೆಗೆ ಮೊಬೈಲಿನೊಳಗಿನಿಂದ ಕೈ ಚಾಚುವ ಸಾಲಗಾರ ಕಂಪನಿಗಳು. ಕಿರಾಣಿಯವನನ್ನು ನಾವು ದೂರುವುದಿಲ್ಲ. ಆತ ಕಷ್ಟಕಾಲಕ್ಕೆ ಅನ್ನ ಕೊಟ್ಟವನು. ಆದರೆ ಉದರಿಯ ಗಿರಾಕಿ ದರ ಕೇಳುವಂತಿಲ್ಲ, ಎರಡು ರೂಪಾಯಿ ಅಗ್ಗವಾದ ಅಂಗಡಿಗೆ ಹೋಗುವಂತಿಲ್ಲ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯೆಂಬುದು ಕಿವಿಗೆ ಸಣ್ಣದು. ವರುಷಕ್ಕೆ ಅದು 60. ಮೊಬೈಲಿನ ಸಾಲಕ್ಕೆ ವಾರ್ಷಿಕ ದರವೆಷ್ಟೆಂದು ಮೊದಲೇ ಬರೆದು ತೋರಿಸಬೇಕೆಂದು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲೇ ವಿಧಿಸಿದೆ. ಆ ದರವನ್ನು ಓದದೆ ಗುಂಡಿ ಒತ್ತಬಾರದು. ತೋರಿಸದವನ ಬಳಿ ಹಣವನ್ನೇ ತರಬಾರದು.

ಈಗ ಅಪ್ರಿಯವಾದ ಮಾತೊಂದನ್ನು ಹೇಳಬೇಕಾಗಿದೆ. ಊರಿಗೆ ಕಳಿಸುವ ಮೂರು ಸಾವಿರವನ್ನು ನಿಲ್ಲಿಸಿರೆಂದು ನಾವು ಹೇಳುವುದಿಲ್ಲ. ಹೆತ್ತವರನ್ನು ಮರೆತು ಉಳಿಸಿದ ಹಣ ಯಾರಿಗೆ ಬೇಕು? ಆದರೆ ಊರಿಗೆ ನಾವು ಹಣದೊಡನೆ ಒಂದು ಸುಳ್ಳನ್ನೂ ಕಳಿಸುತ್ತಿದ್ದೇವೆ. ‘ಮಗ ಪುಣೆಯಲ್ಲಿದ್ದಾನೆ’ ಎಂಬ ಪ್ರತಿಷ್ಠೆಗಾಗಿ ಜಾತ್ರೆಯಲ್ಲಿ ಎಲ್ಲರಿಗೂ ಬಟ್ಟೆ, ತಂಗಿಯ ಮದುವೆಗೆ ಸಾಲ ತೆಗೆದು ಕೊಟ್ಟ ಬಂಗಾರ, ದೇವಸ್ಥಾನದ ಪಟ್ಟಿಯಲ್ಲಿ ಅಣ್ಣತಮ್ಮಂದಿರಿಗಿಂತ ದೊಡ್ಡದಾದ ವಂತಿಗೆ. ಹತ್ತಡಿ ಕೋಣೆಯಲ್ಲಿ ನಾಲ್ವರು ಮಲಗುವ ಸಂಗತಿ ಊರಿನವರಿಗೆ ಗೊತ್ತೇ ಇಲ್ಲ. ಗೊತ್ತಿಲ್ಲದವರು ಕೇಳುತ್ತಾರೆ, ಅವರದೇನು ತಪ್ಪು? ಬಾಡಿಗೆ ಎಷ್ಟು, ಕೈಗೆ ಬರುವುದೆಷ್ಟು ಎಂಬುದನ್ನು ಒಮ್ಮೆ ತಂದೆಯವರ ಎದುರು ಕುಳಿತು ಬಾಯಿಬಿಟ್ಟು ಹೇಳಿದರೆ ಮಾನ ಹೋಗುವುದಿಲ್ಲ. ಸಾಲಗಾರರು ಊರಿನ ಮನೆಗೇ ಫೋನು ಮಾಡಿದ ದಿನ ಹೋಗುವ ಮಾನ ಇದಕ್ಕಿಂತ ದೊಡ್ಡದು.

ಊರಿನವರದಿರಲಿ, ಮನೆಯೊಳಗಿನವಳಿಗಾದರೂ ತಿಳಿದಿದೆಯೆ? ಗಂಡನ ಸಂಬಳದ ಚೀಟಿಯನ್ನು ಕಣ್ಣಾರೆ ಕಾಣದ ಹೆಂಗಸರು ನಮ್ಮಲ್ಲಿ ಬಹಳ. ಭವಿಷ್ಯನಿಧಿಗೆ ಎಷ್ಟು ಕಡಿತ, ತಿಂಗಳಿಗೆ 200 ರೂಪಾಯಿಯ ವೃತ್ತಿತೆರಿಗೆ ಯಾಕೆ, ಕಂತು ಎಷ್ಟು ಉಳಿದಿದೆ ಎಂಬುದನ್ನು ಅರಿಯದವಳ ಕೈಗೆ ಎಂಟು ಸಾವಿರ ಕೊಟ್ಟು ‘ಇದರಲ್ಲಿ ನಡೆಸು’ ಎನ್ನುವುದು ಅನ್ಯಾಯ. ಜಪಾನಿನ ಪತ್ರಿಕೋದ್ಯೋಗಿ ಹಾನಿ ಮೊಟೊಕೊ ಎಂಬಾಕೆ 1904ರಲ್ಲಿ ಗೃಹಿಣಿಯರಿಗಾಗಿಯೇ ಮನೆಯ ಲೆಕ್ಕದ ಪುಸ್ತಕವೊಂದನ್ನು ಅಚ್ಚುಹಾಕಿಸಿ ಪ್ರಕಟಿಸಿದಳು. ಆ ಪದ್ಧತಿ ಅಲ್ಲಿ ಇಂದಿಗೂ ಉಳಿದಿದೆ. ನಮ್ಮ ಹೋಟೆಲುಗಳಲ್ಲಿ ಬಾಗಿಲು ಹಾಕುವ ಮೊದಲು ಕೀರ್ದಿ ಬರೆಯುವ ರೂಢಿಯಿತ್ತು. ಎಷ್ಟೇ ನಿದ್ದೆ ಬಂದಿರಲಿ, ಅಂದಿನದನ್ನು ಅಂದೇ ಬರೆಯಬೇಕು. ಮರುದಿನ ಬರೆದ ಲೆಕ್ಕ ಅರ್ಧ ನೆನಪು, ಅರ್ಧ ಕವಿತ್ವ. ನಾಲ್ಕಾಣೆಯ ನೋಟುಪುಸ್ತಕ ಇಂದು ಇಪ್ಪತ್ತು ರೂಪಾಯಿಯಾಗಿರಬಹುದು, ಕೆಲಸ ಅದೇ. ಆದರೆ ಮೊದಲ ಪುಟದಲ್ಲಿ ತಿಂಗಳದ್ದನ್ನಲ್ಲ, ಆ 42,000ವನ್ನು ಬರೆಯಿರಿ. ಅಂಚೆಕಚೇರಿಯ ಆವರ್ತ ಠೇವಣಿ ತಿಂಗಳಿಗೆ 100 ರೂಪಾಯಿಯಿಂದಲೇ ಆರಂಭವಾಗುತ್ತದೆ. 3,500 ತುಂಬಲಾಗದವರು ಶಾಲೆಯ ಪಾಲನ್ನಾದರೂ, ಅಂದರೆ 1,250 ರೂಪಾಯಿಯನ್ನು, ಸಂಬಳದ ದಿನವೇ ಬೇರೆ ಇಡಬಹುದು.

ಇದಕ್ಕಿಂತ ಕಡಿಮೆ ದುಡಿಯುವ ಕೂಲಿಕಾರರಿಗೂ ಒಂದು ಸೂಚನೆ. ಅರ್ಹ ಪಡಿತರ ಚೀಟಿಯುಳ್ಳವರು ಅದು ಕರ್ನಾಟಕದ್ದಾದರೂ ಕೇಂದ್ರದ ಪಾಲಿನ ಧಾನ್ಯವನ್ನು ಇಲ್ಲಿಯ ಅಂಗಡಿಯಲ್ಲೇ ಪಡೆಯಬಹುದು; ತಲೆಗೆ 5 ಕಿಲೋ ಧಾನ್ಯವನ್ನು 2023ರ ಜನವರಿಯಿಂದ ಪುಕ್ಕಟೆ ಕೊಡಲಾಗುತ್ತಿದೆ. ‘ಕಾರ್ಡು ಊರಲ್ಲಿದೆ’ ಎಂದು ಪೇಟೆಯ ಅಕ್ಕಿ ಕೊಳ್ಳುವವರನ್ನು ನೋಡಿದರೆ ಮರುಕವಾಗುತ್ತದೆ.

ಕೊನೆಯದಾಗಿ ನಮ್ಮ ಹಳೆಯ ವೃತ್ತಿಬಾಂಧವರಿಗೆ. ನೌಕರನು ಎಷ್ಟೇ ಚೆನ್ನಾಗಿ ಲೆಕ್ಕ ಬರೆಯಲಿ, ಕಂತು 5ನೆಯ ತಾರೀಖಿಗೆ ಬಿದ್ದು ಸಂಬಳ 12ಕ್ಕೆ ಬಂದರೆ ಆ ಪುಸ್ತಕವನ್ನು ಒಲೆಗೆ ಹಾಕಬೇಕು. ಹಣವಿಲ್ಲದ ಖಾತೆಗೆ ಬ್ಯಾಂಕು ದಂಡ ಹಾಕುತ್ತದೆ. ಆ ದಂಡ ಮಾಲಿಕನ ವಿಳಂಬಕ್ಕೆ ನೌಕರ ತೆರುವ ತೆರಿಗೆ. ಸಂಬಳ ತಡಮಾಡಿ, ನಡುನಡುವೆ ಐನೂರು, ಸಾವಿರ ಮುಂಗಡ ಕೊಟ್ಟು, ಹುಡುಗನನ್ನು ಸದಾ ನಮ್ಮ ಋಣದಲ್ಲಿಟ್ಟುಕೊಳ್ಳುವ ಜಾಣತನವನ್ನು ನಾವೂ ಮಾಡಿದವರೇ. ಅದನ್ನು ಉಪಕಾರವೆಂದು ನಂಬಿಯೂ ಇದ್ದೆವು. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಕೊಡಬೇಕೆಂಬುದು ಕಾನೂನು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಹೋಟೆಲಿನಲ್ಲಿ 21,000ದವರೆಗಿನ ಸಂಬಳದವರಿಗೆ ರಾಜ್ಯವಿಮೆಯೂ ಉಂಟು. ನೌಕರನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲಿಕನದು ಮೂರೂಕಾಲು. ಆ ಮೂರೂಕಾಲನ್ನು ಉಳಿಸಲು ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆಯುವವರು ಯಾರೆಂದು ನಮಗೆ ತಿಳಿದಿದೆ, ಅವರಿಗೂ ತಿಳಿದಿದೆ.