‘ಗೋ ವಿದೌಟ್’ ಅಂದರೇನು?

ಮಕ್ಕಳ ಇಂಗ್ಲಿಷ್ ಪಾಠದಲ್ಲಿ ಸಿಗುವ ‘ಗೋ ವಿದೌಟ್’ ಎಂಬ ನುಡಿಗಟ್ಟನ್ನು ಈ ಸಲ ನೋಡೋಣ.

‘ಗೋ’ ಅಂದರೆ ಹೋಗು, ‘ವಿದೌಟ್’ ಅಂದರೆ ಇಲ್ಲದೆ. ಹಾಗಂತ ‘ಮದರ್ ವೆಂಟ್ ವಿದೌಟ್’ ಎಂಬುದನ್ನು ಮಗು ‘ಅಮ್ಮ ಇಲ್ಲದೆ ಹೋದಳು’ ಎಂದು ಬರೆದರೆ, ಪಾಪ, ಅಮ್ಮ ತೀರಿಕೊಂಡೇಬಿಟ್ಟಳು ಅಂತಾದೀತು! ಊಟ, ಬಟ್ಟೆಯಂಥ ಬೇಕಾದದ್ದು ಸಿಗದೆ ಹಾಗೇ ಇದ್ದುಬಿಡುವುದಕ್ಕೆ ಇಂಗ್ಲಿಷಿನವರು ಹೀಗೆ ಹೇಳುತ್ತಾರೆ.

ಇದಕ್ಕೆ ‘ಡೂ ವಿದೌಟ್’ ಎಂಬ ಅಕ್ಕ ಇದ್ದಾಳೆ. ‘ವಿ ಕ್ಯಾನ್ ಡೂ ವಿದೌಟ್ ಶುಗರ್’ ಅಂದರೆ ಸಕ್ಕರೆ ಇಲ್ಲದಿದ್ದರೂ ನಡೆಯುತ್ತೆ, ಹೇಗೋ ಸುಧಾರಿಸ್ತೀವಿ ಅಂತ. ‘ವಿ ವೆಂಟ್ ವಿದೌಟ್ ಫುಡ್’ ಅಂದರೆ ಉಪವಾಸ ಇದ್ದೆವು ಅಂತ. ಸಾಮಾನ್ಯವಾಗಿ ಮೊದಲನೆಯದರಲ್ಲಿ ನಿಭಾಯಿಸುವ ಜಾಣ್ಮೆ ಕಾಣುತ್ತದೆ, ಎರಡನೆಯದರಲ್ಲಿ ಕೊರತೆಯ ಕಷ್ಟ. ಏನಿಲ್ಲವೆಂದು ಹೇಳದೆಯೂ ಇದನ್ನು ಬಳಸಬಹುದು: ‘ದಿ ಚಿಲ್ಡ್ರನ್ ಏಟ್, ಬಟ್ ಶಿ ವೆಂಟ್ ವಿದೌಟ್.’ ಮಕ್ಕಳು ಉಂಡರು, ಅವಳು ಮಾತ್ರ ಹಾಗೇ ಇದ್ದಳು.

ಇಂಗ್ಲೆಂಡಿನಲ್ಲೂ ಇಂಥ ತಾಯಂದಿರಿದ್ದರು. ಲಂಡನ್ನಿನ ಲ್ಯಾಂಬೆತ್‌ನಲ್ಲಿ ವಾರಕ್ಕೆ ಸುಮಾರು ಒಂದು ಪೌಂಡಿನಲ್ಲಿ ಸಂಸಾರ ತೂಗಿಸುತ್ತಿದ್ದ ಹೆಂಗಸರ ಮನೆಖರ್ಚಿನ ಲೆಕ್ಕ ಕಲೆಹಾಕಿ, ಮಾಡ್ ಪೆಂಬರ್ ರೀವ್ಸ್ ಎಂಬಾಕೆ 1913ರಲ್ಲಿ ಪುಸ್ತಕ ಬರೆದರು. ಮಾಂಸದಲ್ಲಿ ಹೆಚ್ಚಿನ ಪಾಲು ದುಡಿಯುವ ಗಂಡನಿಗೆ. ತಾಯಿ ಮಕ್ಕಳಿಗೆ ಹೆಚ್ಚಾಗಿ ಬ್ರೆಡ್ಡು, ಆಲೂಗಡ್ಡೆ.

ನಮ್ಮ ಕಡೆ ಇದಕ್ಕೆ ‘ನಂಗೆ ಹಸಿವಿಲ್ಲ, ನೀವು ಉಣ್ಣಿ’ ಅಂತಾರೆ, ಅಲ್ಲವೇ? ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದು ನಮಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಕಂಡುಬಂದಿತು. ಅದಕ್ಕೆ ಕಾರಣಗಳು ಹಲವು. ಹೊಟ್ಟೆಗೆ ಸರಿಯಾದದ್ದು ಬೀಳದಿರುವುದೂ ಅವುಗಳಲ್ಲಿ ಒಂದು.

ಹಬ್ಬಕ್ಕೆ ಹೊಸ ಸೀರೆ ಇಲ್ಲದಿದ್ದರೆ ‘ಡೂ ವಿದೌಟ್’ ಅಂದುಕೊಂಡು ನಕ್ಕುಬಿಡಿ. ಬೇಳೆ, ಸೊಪ್ಪು, ಹಾಲಿನ ವಿಷಯದಲ್ಲಿ ಮಾತ್ರ ‘ಗೋ ವಿದೌಟ್’ ಬೇಡ. ನಾಳೆ ಹುಳಿ ಇಳಿಸಿದ ಕೂಡಲೇ, ಬಡಿಸುವ ಮುಂಚೆಯೇ, ನಿಮ್ಮ ಪಾಲಿನ ಒಂದು ಬಟ್ಟಲು ತೆಗೆದು ಮುಚ್ಚಿಡಿ. ಯಾರಾದರೂ ಕೇಳಿದರೆ ‘ಇದು ನಂದು’ ಅನ್ನಿ.