ಸತ್ತ ವಿಳಾಸಗಳಿಗೆ ಹೊಣೆ ಯಾರು?

ಕೋಲಾರದ ಟೊಮೆಟೊ ಮಂಡಿ, ಶ್ರೀನಿವಾಸಪುರದ ಮಾವಿನ ಮಂಡಿ, ಮಾಲೂರಿನ ಕಾರ್ಖಾನೆ, ಮುಳಬಾಗಿಲಿನ ಕಾಲೇಜು, ಎಲ್ಲಿ ನೋಡಿದರೂ ಕೆಲಸ ಕಂಪ್ಯೂಟರಿನ ಮೇಲೆ ನಿಂತಿದೆ. ಅದನ್ನು ನೋಡಿಕೊಳ್ಳುವವರಲ್ಲಿ ಒಂದು ಕೆಟ್ಟ ಚಾಳಿಯೂ ಬೇರುಬಿಟ್ಟಿದೆ. ಬಿಲ್ಲಿಂಗ್ ಸರ್ವರ್ ಸಿಗುತ್ತಿಲ್ಲ ಎಂದರೆ ‘ರೀಸ್ಟಾರ್ಟ್ ಮಾಡಿ ಸಾರ್’. ಅದಕ್ಕೂ ಬಗ್ಗದಿದ್ದರೆ ‘ನೆಟ್ ಸರಿಯಿಲ್ಲ’. ಸರ್ವರನ್ನು ಹೋದ ತಿಂಗಳು ಬದಲಾಯಿಸಿದವರು ನೀವೇ, ಯಂತ್ರದ ಹೆಸರು ಕೇಳಿದರೆ ಅದರ ಐಪಿ ವಿಳಾಸ ಹೇಳುವ ಡಿಎನ್‌ಎಸ್‌ನಲ್ಲಿ ಹಳೆಯ ವಿಳಾಸವನ್ನು ಹಾಗೇ ಬಿಟ್ಟವರೂ ನೀವೇ. ನೆಟ್ಟಿನ ಮೇಲೆ ಗೂಬೆ ಕೂರಿಸುವುದೇಕೆ?

ತಾತ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿ ಅವರ ಹೆಸರಿನಲ್ಲೇ ಇದ್ದರೆ ಮೊಮ್ಮಕ್ಕಳು ಪಡುವ ಪಾಡು ಈ ಜಿಲ್ಲೆಗೆ ಗೊತ್ತು. ಡಿಎನ್‌ಎಸ್‌ನ ಹಳೆಯ ದಾಖಲೆಯೂ ಅಂಥದ್ದೇ. ಅದು ಸುಮ್ಮನೆ ಬಿದ್ದಿರುವುದಿಲ್ಲ. ಕೇಳಿದವರಿಗೆಲ್ಲ ತಪ್ಪು ಉತ್ತರ ಕೊಡುತ್ತಲೇ ಇರುತ್ತದೆ.

ಅಂತರ್ಜಾಲದ ಮೊದಲ ದಿನಗಳಲ್ಲಿ ಎಲ್ಲ ಯಂತ್ರಗಳ ಹೆಸರು, ವಿಳಾಸಗಳು ಒಂದೇ ಪಟ್ಟಿಯಲ್ಲಿದ್ದವು. ಅದನ್ನು ಕ್ಯಾಲಿಫೋರ್ನಿಯಾದ ಒಂದು ಸಂಸ್ಥೆ ಕಾಪಾಡುತ್ತಿತ್ತು. ಜಾಲ ಬೆಳೆದು ಆ ಪಟ್ಟಿ ಸಾಲದಾದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಅವರವರ ಹೆಸರುಗಳನ್ನು ಅವರವರೇ ಸರಿಯಾಗಿ ಇಟ್ಟುಕೊಳ್ಳಬೇಕೆಂಬುದೇ ಅದರ ತಳಹದಿ. ನಿಮ್ಮ ಮಂಡಿಯ ದಾಖಲೆಯನ್ನು ದೆಹಲಿಯಿಂದ ಬಂದು ಯಾರೂ ತಿದ್ದುವುದಿಲ್ಲ.

ಮೊದಲು ಬಿಡಬೇಕಾದದ್ದು ಒಂದೊಂದು ಕಂಪ್ಯೂಟರಿನ ಹೋಸ್ಟ್ಸ್ ಫೈಲಿಗೂ ಐಪಿ ತುರುಕುವ ಅಭ್ಯಾಸ. ಅದು ಇವತ್ತಿನ ದೂರನ್ನು ಮುಚ್ಚಿ, ಮುಂದಿನ ವರ್ಷ ಹತ್ತು ಕಡೆ ಹತ್ತು ಉತ್ತರ ಹುಟ್ಟಿಸುತ್ತದೆ. ದೋಷ ಎಲ್ಲಿದೆಯೆಂದು ತಿಳಿಯಲು ‘ಎನ್‌ಎಸ್‌ಲುಕಪ್’ ಸಾಕು. ದಾಖಲೆ ಇಟ್ಟಿರುವ ಮೂಲ ಡಿಎನ್‌ಎಸ್ ಸರ್ವರನ್ನೇ ಕೇಳಿ, ಆಮೇಲೆ ಕಚೇರಿಯವರು ಬಳಸುವ ಸರ್ವರನ್ನು ಕೇಳಿ. ಮೂಲದಲ್ಲೇ ತಪ್ಪಿದ್ದರೆ ದಾಖಲೆ ತಿದ್ದಿ. ಮೂಲ ಸರಿಯಿದ್ದು ಎರಡನೆಯದು ತಪ್ಪು ಹೇಳಿದರೆ ಅದರ ಕ್ಯಾಶ್, ಅಂದರೆ ಅದು ನೆನಪಿಟ್ಟುಕೊಂಡ ಉತ್ತರ, ಹಳೆಯದು. ಎರಡೂ ಸರಿಯಿದ್ದರೆ ಆ ಕಂಪ್ಯೂಟರಿನ ಸ್ವಂತ ಕ್ಯಾಶ್ ಮತ್ತು ಹೋಸ್ಟ್ಸ್ ಫೈಲ್ ನೋಡಿ. ಇಷ್ಟನ್ನೂ ಮಾಡದೆ ಕ್ಯಾಶ್ ಅಳಿಸಿ ಎದ್ದು ಹೋಗುವುದು ದುರಸ್ತಿಯಲ್ಲ.

ಸರ್ವರ್ ಬದಲಿಸುವ ದಿನ ಮೊದಲೇ ಗೊತ್ತಿರುತ್ತದೆ. ದಾಖಲೆಯ ಟಿಟಿಎಲ್ 86,400 ಸೆಕೆಂಡ್ ಇದ್ದರೆ ಹಳೆಯ ಉತ್ತರ ಒಂದು ಇಡೀ ದಿನ ಕ್ಯಾಶ್‌ನಲ್ಲಿ ಉಳಿಯಬಹುದು. ಒಂದೆರಡು ದಿನ ಮುಂಚೆಯೇ ಅದನ್ನು 300ಕ್ಕೆ ಇಳಿಸುವುದು ಎರಡು ನಿಮಿಷದ ಕೆಲಸ. ಅದನ್ನೂ ಮಾಡದೆ ಮಾವಿನ ಕಾಲದಲ್ಲಿ ಬಿಲ್ ನಿಲ್ಲಿಸಿ, ಲಾರಿಯ ಮುಂದೆ ರೈತರನ್ನು ಕಾಯಿಸುವುದು ಅಪರಾಧ.

ವಿಂಡೋಸ್ ಸರ್ವರಿನ ಡಿಎನ್‌ಎಸ್ ಹಳೆಯ ದಾಖಲೆಗಳನ್ನು ತಾನಾಗಿ ಅಳಿಸುತ್ತದೆಂದು ನಂಬಿ ಕೂತವರಿಗೂ ಒಂದು ಮಾತು. ಆ ಸ್ಕ್ಯಾವೆಂಜಿಂಗ್ ಸೌಲಭ್ಯ ಮೊದಲಿಗೆ ಆಫ್ ಆಗಿಯೇ ಇರುತ್ತದೆ. ಸರ್ವರಿನಲ್ಲೂ ವಲಯದಲ್ಲೂ ಅದನ್ನು ಆನ್ ಮಾಡಬೇಕು. ಅವಧಿ ಬದಲಿಸದಿದ್ದರೆ ಏಳು ದಿನ, ಮತ್ತೆ ಏಳು ದಿನ ಕಳೆದ ಮೇಲೆಯೇ ದಾಖಲೆ ಅಳಿಸಲು ಅರ್ಹವಾಗುತ್ತದೆ. ಕೈಯಿಂದ ಸೇರಿಸಿದ ದಾಖಲೆಗೆ ಸಮಯದ ಗುರುತೇ ಇರುವುದಿಲ್ಲ. ಅದನ್ನು ಕೈಯಿಂದಲೇ ಅಳಿಸಬೇಕು.

ಇದಕ್ಕಿಂತ ದೊಡ್ಡ ಅಪಾಯ ಹೊರಗಿದೆ. ಕಾಲೇಜಿನ ಹಬ್ಬಕ್ಕೆಂದು ಕ್ಲೌಡ್‌ನಲ್ಲಿ ಜಾಲತಾಣ ತೆರೆದು, ಬಾಡಿಗೆ ನಿಲ್ಲಿಸಿ, ಅದರ ಡಿಎನ್‌ಎಸ್ ದಾಖಲೆ ಅಳಿಸುವುದನ್ನು ಮಾತ್ರ ಮರೆತರೆ, ಆ ಖಾಲಿ ಜಾಗವನ್ನು ಇನ್ನೊಬ್ಬ ಹಿಡಿಯಬಹುದು. ಆಗ ನಿಮ್ಮ ಕಾಲೇಜಿನ ಹೆಸರಿನಲ್ಲೇ ವಿದ್ಯಾರ್ಥಿಗಳ ಪಾಸ್‌ವರ್ಡ್ ಕದಿಯುತ್ತಾನೆ.

ಮಾಲೀಕರೇ, ಪ್ರಾಂಶುಪಾಲರೇ, ಪ್ರತಿ ದಾಖಲೆಯ ಎದುರು ಅದಕ್ಕೆ ಹೊಣೆಯಾದವರ ಹೆಸರು ಬರೆಸಿ. ಮೂರು ತಿಂಗಳಿಗೊಮ್ಮೆ ಆ ಪಟ್ಟಿಯನ್ನು ಎದುರಿಗೆ ಕೂತು ಓದಿಸಿ. ಹೊಸ ಸರ್ವರ್ ಚಾಲೂ ಮಾಡಿ ಹಳೆಯ ವಿಳಾಸ ಅಳಿಸದವರ ಕೆಲಸ ಮುಗಿದಿಲ್ಲ. ಅದು ಮುಗಿಯುವವರೆಗೆ ಬಿಲ್ಲಿಗೆ ಸಹಿ ಹಾಕಬೇಡಿ.